ನವೆಂಬರಿನ ಮೂರನೇ ಶನಿವಾರ ಕಾಣೆಯಾಗಿದೆ

ಮಾನ್ಯ ಕ್ರೀಡಾ ನಿರ್ದೇಶಕರೇ,

ನಮ್ಮ ನವೆಂಬರ್ ತಿಂಗಳ ಮೂರನೇ ಶನಿವಾರ ನಿಮ್ಮ ಕಚೇರಿಯಲ್ಲಿ ಕಾಣೆಯಾಗಿದೆ. ಮೇ ತಿಂಗಳಲ್ಲಿ ಅದನ್ನು ಕಣ್ಣಾರೆ ಕಂಡವರಿದ್ದಾರೆ. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ವೇಳಾಪಟ್ಟಿಯ ಕೊನೆಯ ಸಾಲಿನಲ್ಲಿ, ‘ನಮ್ಮ ಮೈದಾನ, ಮಧ್ಯಾಹ್ನ ಒಂದು ಗಂಟೆ’ ಎಂಬ ಗುರುತಿನೊಂದಿಗೆ ಅದು ಆರೋಗ್ಯವಾಗಿಯೇ ಇತ್ತು. ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ನೀವು ಹೊರಡಿಸಿದ ಪರಿಷ್ಕೃತ ಪಟ್ಟಿಯಲ್ಲಿ ಅದೇ ಶನಿವಾರ ಎರಡು ಸಾವಿರ ಮೈಲಿ ಆಚೆ, ಆಗ್ನೇಯದ ಒಂದು ರಾಜ್ಯದಲ್ಲಿ, ಎಂಬತ್ತು ಸಾವಿರ ಜನ ಕೂರುವ ಬೇರೆಯವರ ಸ್ಟೇಡಿಯಮ್ಮಿನಲ್ಲಿ ಪತ್ತೆಯಾಗಿದೆ. ಅದನ್ನು ಇದ್ದಲ್ಲಿಗೆ ತಂದಿಡಿ ಎಂದು ಕೇಳಲು ಈ ಪತ್ರ.

ಇದನ್ನು ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೊದಲ ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ನಾಲ್ಕು ಸಾಲು ಬಂತು. ‘ಸ್ವತಂತ್ರ ತಂಡದ ಅಭಿಮಾನಿಗಳು ವಾಸ್ತವಿಕ ನಿರೀಕ್ಷೆಗಳನ್ನು ಇಟ್ಟುಕೊಳ್ಳಬೇಕು’ ಎನ್ನುವುದು ಅದರ ಸಾರ. ಅರ್ಥವಾಗುವ ಭಾಷೆಯಲ್ಲಿ ಬರೆದರೂ ನೀವು ಓದುವುದಿಲ್ಲ ಎಂದ ಮೇಲೆ, ಓದದಿರುವುದಕ್ಕೆ ನಿಮಗೊಂದು ಮರ್ಯಾದೆಯ ಕಾರಣವಾದರೂ ಇರಲಿ ಎಂದು ನಮ್ಮ ಕನ್ನಡ ಕೂಟದ ಮಾಸಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಚಿಂತೆ ಬೇಡ. ನಿಮ್ಮ ಪೂರ್ವದ ಗ್ಯಾಲರಿಯಲ್ಲಿ ಕೂರುವವರಲ್ಲಿ ನಲವತ್ತು ಮಂದಿ ಇದನ್ನು ಓದುತ್ತಾರೆ. ಅವರಲ್ಲಿ ಯಾರನ್ನು ಕೇಳಿದರೂ ಅರ್ಥ ಹೇಳುತ್ತಾರೆ, ಬೇಕಾದರೆ ನಾನು ಬಿಟ್ಟ ಬೈಗುಳವನ್ನೂ ಸೇರಿಸಿ.

ನನ್ನ ಪರಿಚಯ ಸ್ವಲ್ಪ. ಹುಟ್ಟಿದ್ದು ಮೂಡುಬಿದಿರೆಯ ಕಡೆ, ಜೈನರ ಮನೆಯಲ್ಲಿ. ಇಪ್ಪತ್ತೆರಡು ವರ್ಷದಿಂದ ಓಕ್ಲ್ಯಾಂಡ್ ಬಂದರಿನಲ್ಲಿ ಕೆಲಸ. ಯಾವ ಹಡಗು ಯಾವ ದಿನ ಯಾವ ದಕ್ಕೆಗೆ ಬರಬೇಕು, ಎಷ್ಟು ಹೊತ್ತಿಗೆ ಜಾಗ ಖಾಲಿ ಮಾಡಬೇಕು ಎಂದು ನಿಗದಿ ಮಾಡುವುದೇ ನನ್ನ ಉದ್ಯೋಗ. ಸಾವಿರ ಅಡಿ ಉದ್ದದ ಹಡಗು ಪೆಸಿಫಿಕ್ ದಾಟಿ ಬಂದು ಬಾಗಿಲಲ್ಲಿ ನಿಂತಾಗ ‘ಕ್ಷಮಿಸಿ, ನಿಮ್ಮ ಶನಿವಾರವನ್ನು ಬೇರೆ ರಾಜ್ಯಕ್ಕೆ ಕಳಿಸಿದ್ದೇವೆ, ವಾಸ್ತವಿಕ ನಿರೀಕ್ಷೆ ಇಟ್ಟುಕೊಳ್ಳಿ’ ಎಂದು ನಾನು ಒಮ್ಮೆ ಹೇಳಿ ನೋಡಬೇಕು. ಮರುದಿನ ನಿಮ್ಮ ಕಚೇರಿಯಲ್ಲೇ ಕೆಲಸ ಕೇಳಿಕೊಂಡು ಬರಬೇಕಾಗುತ್ತದೆ. ಅಲ್ಲಿಯ ಅರ್ಹತೆಗೆ ಅದು ಸಾಕಾಗಲೂಬಹುದು.

ಇನ್ನು ನನ್ನ ಮಗಳು ನಿಶ್ಮಿತಾ. ನಿಮ್ಮ ಕಾಲೇಜಿನಲ್ಲಿ ನಾಲ್ಕನೇ ವರ್ಷ, ನಿಮ್ಮ ಬ್ಯಾಂಡಿನಲ್ಲಿ ಸೂಸಾಫೋನ್. ಗೊತ್ತಿಲ್ಲದ ಓದುಗರಿಗೆ ಹೇಳುವುದಾದರೆ, ಅದು ಹೆಬ್ಬಾವಿನ ಹಾಗೆ ಮೈಸುತ್ತ ಸುತ್ತಿಕೊಂಡು ತಲೆಯ ಮೇಲೆ ಬಾಯಿ ತೆರೆದು ನಿಲ್ಲುವ ಹಿತ್ತಾಳೆಯ ಕಹಳೆ. ತೂಕ ಹದಿನಾಲ್ಕು ಕಿಲೋ. ಮನೆಯಲ್ಲಿ ಎರಡು ಹಾಲಿನ ಕ್ಯಾನು ಎತ್ತಿ ಒಳಗಿಡು ಎಂದರೆ ಬೆನ್ನು ನೋವು ಎನ್ನುವ ಹುಡುಗಿ ಅದನ್ನು ಹೊತ್ತುಕೊಂಡು ಮೂರು ಗಂಟೆ ಬಿಸಿಲಿನಲ್ಲಿ ಕುಣಿಯುತ್ತಾಳೆ. ಅದು ಅವಳ ಸ್ವಂತದ್ದಲ್ಲ, ಕಾಲೇಜಿನದು. ನಿಮ್ಮ ಬ್ಯಾಂಡಿನಲ್ಲಿ ಒಂದು ಹಳೆಯ ಪದ್ಧತಿ ಇದೆ, ನಿಮಗೆ ತಿಳಿದಿದೆಯೋ ಇಲ್ಲವೋ. ವರ್ಷದ ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ ನಡೆಯುವುದು ಮೊದಲಿನಿಂದ ಬಂದದ್ದು. ಅದರ ನಡುವಿನ ವಿರಾಮದಲ್ಲಿ ನಾಲ್ಕನೇ ವರ್ಷದವರು ಮೈದಾನದ ಮಧ್ಯೆ ಬಂದು, ಕೊನೆಯ ಹಾಡು ಅರ್ಧ ನುಡಿಸಿ, ವಾದ್ಯವನ್ನು ಮೊದಲ ವರ್ಷದವರ ಹೆಗಲಿಗೆ ಏರಿಸುತ್ತಾರೆ. ಉಳಿದರ್ಧ ಹಾಡನ್ನು ಹೊಸಬರು ನುಡಿಸುತ್ತಾರೆ. ಹೊಸಬರಿಗೆ ಸರಿಯಾಗಿ ಬರುವುದಿಲ್ಲ, ಅಪಸ್ವರ ಏಳುತ್ತದೆ. ಇಡೀ ಗ್ಯಾಲರಿ ಎದ್ದುನಿಂತು ಚಪ್ಪಾಳೆ ತಟ್ಟುವುದು ಆ ಅಪಸ್ವರಕ್ಕೇ.

ನಿಶ್ಮಿತಾಳ ಸೂಸಾಫೋನ್ ಹೋಗಬೇಕಾದದ್ದು ಸನ್ನಿವೇಲಿನ ನನ್ನ ಗೆಳೆಯ ತಿರುಮಲೇಶರ ಮಗಳು ಇಂಚರಾಳಿಗೆ. ಐದಡಿ ಎತ್ತರದ ಹುಡುಗಿ, ಜೂನ್‌ನಿಂದ ಬೆನ್ನಿಗೆ ಅಕ್ಕಿಯ ಚೀಲ ಕಟ್ಟಿಕೊಂಡು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದ್ದಾಳೆ.

ಬ್ಯಾಂಡು ಹೊರ ಊರಿನ ಪಂದ್ಯಕ್ಕೆ ಹೋಗುವುದಿಲ್ಲ. ಈ ವರ್ಷ ಮನೆಯಂಗಳದಲ್ಲಿ ಇದ್ದದ್ದೇ ಮೂರು ಪಂದ್ಯ. ಎರಡು ಸೆಪ್ಟೆಂಬರಿನಲ್ಲೇ ಮುಗಿದುಹೋದವು. ಮೂರನೆಯದು ಕಾಣೆಯಾಗಿದೆ. ಈಗ ಕಳೆದುಹೋದದ್ದು ಏನೆಂದು ನಿಮಗೂ ಹೊಳೆದಿರಬಹುದು.

‘ಸ್ವತಂತ್ರ’ ಎಂಬ ನಿಮ್ಮ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ದೇಶದಲ್ಲಿ ಕಾಲೇಜುಗಳು ಎಂಟು ಹತ್ತು ಸೇರಿ ಒಕ್ಕೂಟ ಕಟ್ಟಿಕೊಂಡು ತಮ್ಮತಮ್ಮಲ್ಲೇ ಆಡುತ್ತವೆ. ಒಕ್ಕೂಟದಲ್ಲಿದ್ದರೆ ವೇಳಾಪಟ್ಟಿ ತಾನಾಗಿ ಬರುತ್ತದೆ, ಈ ವರ್ಷ ನೀನು ನಮ್ಮಲ್ಲಿಗೆ ಬಾ, ಬರುವ ವರ್ಷ ನಾವು ನಿಮ್ಮಲ್ಲಿಗೆ. ನಮ್ಮ ಒಕ್ಕೂಟ ಎರಡು ವರ್ಷದ ಹಿಂದೆ ಒಡೆಯಿತು. ದೊಡ್ಡವರು ಟೀವಿಯ ಹಣದ ಹಿಂದೆ ಹೋದರು, ನಡುವಿನವರು ದೊಡ್ಡವರ ಹಿಂದೆ ಹೋದರು, ನಾವು ಪಾರ್ಕಿಂಗ್ ಲಾಟಿನಲ್ಲಿ ಉಳಿದೆವು. ಆಗ ನೀವು ವೇದಿಕೆ ಹತ್ತಿ ‘ಇನ್ನು ಮುಂದೆ ನಾವು ಸ್ವತಂತ್ರರು’ ಎಂದು ಸಾರಿದಿರಿ. ಪಂಕ್ತಿಯಲ್ಲಿ ಎಲೆ ಸಿಗದೆ ಹೊರಗೆ ನಿಂತವನನ್ನು ಉಪವಾಸ ವ್ರತಧಾರಿ ಎಂದು ಸನ್ಮಾನಿಸಿದ ಹಾಗೆ ಇತ್ತು ಅದು. ನಾವೂ ಚಪ್ಪಾಳೆ ತಟ್ಟಿದೆವು. ತಪ್ಪು ನಮ್ಮದೂ ಇದೆ.

ಸ್ವತಂತ್ರರಾದ ಮೇಲೆ ತಿಳಿದದ್ದು, ಅಕ್ಟೋಬರ್ ಬಂತೆಂದರೆ ಉಳಿದವರೆಲ್ಲ ತಮ್ಮ ಒಕ್ಕೂಟದೊಳಗೆ ಬಾಗಿಲು ಹಾಕಿಕೊಂಡು ಆಡುತ್ತಾರೆ ಎಂದು. ಹೊರಗಿನವರಿಗೆ ಅವರಲ್ಲಿ ಬಿಡುವಿಲ್ಲ. ಇದು ನಿಜವಾದ ಕಷ್ಟ, ನಿಮ್ಮ ತಪ್ಪಲ್ಲ, ಒಪ್ಪುತ್ತೇನೆ. ಮೂರನೇ ಶನಿವಾರಕ್ಕೆ ಬರಬೇಕಿದ್ದ ತಂಡ ‘ನಮ್ಮ ಒಕ್ಕೂಟದ ಪಂದ್ಯ ಬಂತು’ ಎಂದು ಕೈಕೊಟ್ಟದ್ದೂ ನಿಮ್ಮ ತಪ್ಪಲ್ಲ. ಆದರೆ ಆಮೇಲೆ ನೀವು ಮಾಡಿದ್ದೇನು? ಬರುವವರನ್ನು ಹುಡುಕಲಿಲ್ಲ. ಹೋಗುವ ಜಾಗ ಹುಡುಕಿದಿರಿ.

ನಮ್ಮೂರ ಕಡೆ ಕಂಬಳ ಎಂಬುದೊಂದು ಇದೆ. ಕೆಸರುಗದ್ದೆಯಲ್ಲಿ ಜೋಡಿ ಕೋಣಗಳನ್ನು ಓಡಿಸುವ ಸ್ಪರ್ಧೆ. ಅದೂ ನವೆಂಬರಿನಲ್ಲಿ ಶುರು, ಅದೂ ಶನಿವಾರವೇ. ಒಂದೊಂದು ವಾರ ಒಂದೊಂದು ಊರಿನಲ್ಲಿ. ಎಲ್ಲ ಊರಿನವರು ಒಂದು ಸಮಿತಿಯಲ್ಲಿ ಕುಳಿತು, ಜಗಳವಾಡಿ, ಚಹಾ ಕುಡಿದು, ಮತ್ತೆ ಜಗಳವಾಡಿ ಕೊನೆಗೆ ಪಟ್ಟಿ ಮಾಡುತ್ತಾರೆ. ಪಟ್ಟಿ ಆದ ಮೇಲೆ ಆ ಶನಿವಾರ ಆ ಊರಿನದು. ಊರಿನ ಕೋಣ ಸೋಲುತ್ತದೋ ಗೆಲ್ಲುತ್ತದೋ ಎಂಬುದು ಬೇರೆ ಮಾತು. ‘ನಿಮ್ಮ ಕೋಣಗಳು ಹೇಗೂ ಸೋಲುತ್ತವೆ, ಆದ್ದರಿಂದ ಈ ವರ್ಷ ನಿಮ್ಮ ಗದ್ದೆಯಲ್ಲಿ ಬೇಡ, ದೂರದ ದೊಡ್ಡ ಗದ್ದೆಗೆ ಹೋಗಿ ಸೋಲಿ, ಅಲ್ಲಿ ಜನ ಹೆಚ್ಚು’ ಎಂದು ಯಾವ ಸಮಿತಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಿದ್ದರೆ ಕೋಣಗಳೇ ರಾಜೀನಾಮೆ ಕೊಡುತ್ತಿದ್ದವು.

ನಾವೇನು ಅವಾಸ್ತವ ನಿರೀಕ್ಷೆ ಇಟ್ಟುಕೊಂಡಿದ್ದೇವೆ, ಹೇಳಿ ನೋಡೋಣ. ಎರಡು ವರ್ಷದಲ್ಲಿ ಇಪ್ಪತ್ತೆರಡು ಪಂದ್ಯ ಆಡಿದ್ದೇವೆ, ಒಂದು ಗೆದ್ದಿದ್ದೇವೆ. ಪೂರ್ವ ಗ್ಯಾಲರಿಯ ಹದಿನೇಳನೇ ಸಾಲಿನಲ್ಲಿ ಕೂತು ನಾನು ಟ್ರೋಫಿ ಕೇಳಿದೆನೇ? ಕಳೆದ ವರ್ಷ ಇಂಥದೇ ಒಂದು ದೊಡ್ಡ ಮನೆಗೆ ಹೋಗಿ ಅರವತ್ತಮೂರಕ್ಕೆ ಮೂರರಲ್ಲಿ ಸೋತು ಬಂದಾಗ ನೀವು ಅದನ್ನು ‘ಅಮೂಲ್ಯ ಅನುಭವ’ ಎಂದಿರಿ. ಆ ಮೂರು ಅಂಕ ಬಂದಾಗ ನಾವು ಟೀವಿಯ ಮುಂದೆ ಎದ್ದುನಿಂತು ಪಾಯಸ ಹಂಚಿದವರು. ನಮ್ಮ ನಿರೀಕ್ಷೆ ನೆಲಕ್ಕೆ ಎಷ್ಟು ಹತ್ತಿರ ಇದೆಯೆಂದರೆ ಅದಕ್ಕಿಂತ ಕೆಳಗೆ ಇಡಲು ಗುಂಡಿ ತೋಡಬೇಕು. ಬಲಾಢ್ಯರ ಜೊತೆ ಆಡಿದರೆ ನಾನೂ ಬಲಾಢ್ಯನಾಗಿ ಕಾಣುತ್ತೇನೆ ಎಂಬ ನಿರೀಕ್ಷೆ ಯಾರದು, ಸ್ವಾಮಿ? ಎಂಬತ್ತು ಸಾವಿರ ಜನರ ಮುಂದೆ, ಅವರ ಎರಡನೇ ಸಾಲಿನ ಆಟಗಾರರಿಗೆ ಅಭ್ಯಾಸದ ಗೊಂಬೆಗಳಾಗಿ ನಮ್ಮ ಹುಡುಗರನ್ನು ಕಳಿಸುವುದು ವಾಸ್ತವವೇ?

ಆ ಒಂದು ಗೆಲುವಿನ ಕತೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಿಮ್ಮ ಕಡತದಲ್ಲಿ ಅದು ಬೇರೆ ರೀತಿ ದಾಖಲಾಗಿದೆ.

ಸ್ವತಂತ್ರರಾದ ಮೊದಲ ವರ್ಷ, ಅಕ್ಟೋಬರಿನಲ್ಲಿ, ಫ್ರೆಸ್ನೊ ಆಚೆಯ ಒಣದ್ರಾಕ್ಷಿ ತೋಟಗಳ ನಡುವಿನ ಒಂದು ಸಣ್ಣ ಕಾಲೇಜು ನಮ್ಮಲ್ಲಿಗೆ ಆಡಲು ಒಪ್ಪಿತು. ಹೆಸರು ಬೇಡ, ಒಣದ್ರಾಕ್ಷಿ ಕಾಲೇಜು ಎನ್ನೋಣ. ಹಿಂದಿನ ದಿನ ನನ್ನ ಹೆಂಡತಿ ವಿನೋದಾ ಕೇಳಿದಳು.

“ಅಷ್ಟು ದೂರದಿಂದ ಬಸ್ಸಲ್ಲಿ ಬರ್ತಾರಲ್ಲ, ಅವ್ರಿಗೆ ಊಟ ಯಾರು ಕೊಡುದು?”

“ಕಾಲೇಜಿನವ್ರು ಕೊಡ್ತಾರೋ ಏನೋ.”

“ಏನೋ ಅಂದ್ರೆ ಎಂತ ಮಾರಾಯ್ರೆ? ಕೋಣ ತಕ್ಕೊಂಡು ಬಂದವ್ರಿಗೆ ಊಟ ಉಂಟಾ ಇಲ್ವಾ ಅಂತ ಗೊತ್ತಿಲ್ಲದೆ ನಿಮ್ಮ ಅಪ್ಪ ಕಂಬಳ ಮಾಡಿದ್ರಾ?”

ಕಂಬಳಕ್ಕೆ ಬಂದ ಕೋಣದ ಯಜಮಾನನಿಂದ ಹಿಡಿದು ಹುಲ್ಲು ಹಾಕುವವನವರೆಗೆ ಊಟ ಹಾಕುವುದು ಗದ್ದೆಯ ಮನೆಯವರ ಕೆಲಸ. ನಮ್ಮ ಮೈದಾನ ಎಂದ ಮೇಲೆ ನಾವು ಗದ್ದೆಯ ಮನೆಯವರಲ್ಲವೇ? ನಿಮ್ಮನ್ನು ಒಂದು ಮಾತು ಕೇಳಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನೆಂಟರಿಗೆ ಬಡಿಸಲು ಯಾರಾದರೂ ಅನುಮತಿ ಕೇಳುತ್ತಾರೆಯೇ? ಹನ್ನೊಂದು ಮನೆಯವರು ಸೇರಿ ನೂರಾ ಹತ್ತು ಮಂದಿಗೆ ಚಿತ್ರಾನ್ನ, ಮೊಸರನ್ನ, ಹೆಸರುಬೇಳೆ ಪಾಯಸ ಮಾಡಿದೆವು. ಪಾರ್ಕಿಂಗ್ ಲಾಟಿನಲ್ಲೇ ಗ್ಯಾಸ್ ಒಲೆ ಇಟ್ಟು ವಿನೋದಾ ಗೋಳಿಬಜೆ ಕರಿಯತೊಡಗಿದಳು. ಒಣದ್ರಾಕ್ಷಿಯ ಬಸ್ಸು ಬಂದು ನಿಂತಿತು. ಐದು ಗಂಟೆ ಕೂತು ಬಂದ ಹುಡುಗರ ಕೈಯಲ್ಲಿ ಒಣಗಿದ ಸ್ಯಾಂಡ್‌ವಿಚ್ ಇತ್ತು, ಮೂಗಿಗೆ ಕರಿದ ವಾಸನೆ ಬಡಿಯಿತು. ಉಳಿದದ್ದನ್ನು ಪ್ರಕೃತಿ ನೋಡಿಕೊಂಡಿತು.

ಅವರ ಮುಂದಿನ ಸಾಲಿನ ಒಬ್ಬ ಆಟಗಾರ, ನೂರಾ ನಲವತ್ತು ಕಿಲೋ ಇರಬೇಕು, ಗೋಳಿಬಜೆಯನ್ನು ಎರಡು ಬೆರಳಲ್ಲಿ ಹಿಡಿದು ಇದರೊಳಗೆ ಯಾವ ಮಾಂಸ ಇದೆ ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಎಂತದೂ ಇಲ್ಲ ಮಗಾ, ಗಾಳಿ ಉಂಟು” ಎಂದಳು ವಿನೋದಾ ಕನ್ನಡದಲ್ಲೇ.

ಅವನು ತಲೆಯಾಡಿಸಿ ಇನ್ನೂ ಎಂಟು ತೆಗೆದುಕೊಂಡ. ಪಾಯಸಕ್ಕೆ ಎರಡು ಸಲ ಬಂದ. ಅವರ ಕೋಚು ಮೊದಲು ಗದರಿದರು, ಆಮೇಲೆ ತಾವೂ ಒಂದು ತಟ್ಟೆ ಹಿಡಿದರು. ಒಂದು ಗಂಟೆಗೆ ಪಂದ್ಯ ಶುರುವಾಯಿತು. ಆ ಮುಂದಿನ ಸಾಲು, ಮೊಸರನ್ನ ಉಂಡ ಯಾವ ಸಾಲೂ ಮಾಡುವಂತೆ, ನಿಧಾನವಾಗಿ ಏಳುತ್ತಿತ್ತು, ಬೇಗ ಕೂರುತ್ತಿತ್ತು. ನಾವು ಇಪ್ಪತ್ತಕ್ಕೆ ಹದಿನೇಳರಲ್ಲಿ ಗೆದ್ದೆವು.

ಸೋಮವಾರ ನಿಮ್ಮ ಕಚೇರಿಯಿಂದ ನನಗೆ ನೋಟೀಸು ಬಂತು. ಎದುರಾಳಿ ತಂಡಕ್ಕೆ ಪಂದ್ಯದ ಮೊದಲು ಅನುಮತಿಯಿಲ್ಲದೆ ಆಹಾರ ನೀಡಿದ್ದು ಗಂಭೀರ ವಿಷಯ ಎಂದು. ಅದೇ ದಿನ ಒಣದ್ರಾಕ್ಷಿಯ ಕೋಚಿನಿಂದಲೂ ಪತ್ರ ಬಂತು, ಇಷ್ಟು ವರ್ಷದಲ್ಲಿ ಹೊರ ಊರಿನಲ್ಲಿ ತಮ್ಮ ಹುಡುಗರಿಗೆ ಯಾರೂ ತಟ್ಟೆ ಕೊಟ್ಟದ್ದಿಲ್ಲ, ಮತ್ತೆ ಯಾವಾಗ ಬರಲಿ ಎಂದು. ನಿಮ್ಮ ನೋಟೀಸಿಗೆ ಕ್ಷಮೆ ಕೇಳಿ ಉತ್ತರಿಸಿದೆ. ಅವರ ಪತ್ರಕ್ಕೆ ಗೋಳಿಬಜೆಯ ಹಿಟ್ಟಿನ ಅಳತೆ ಬರೆದು ಕಳಿಸಿದೆ. ಎದುರಾಳಿಯನ್ನು ಉಣ್ಣಿಸಿ ಸೋಲಿಸುವ ಉದ್ದೇಶ ನಮಗಿರಲಿಲ್ಲ ಎಂದು ಈಗಲೂ ಪ್ರಮಾಣ ಮಾಡಿ ಹೇಳುತ್ತೇನೆ. ಆದರೆ ಎರಡು ವರ್ಷದಲ್ಲಿ ನಿಮ್ಮ ಯಾವ ಯೋಜನೆಯೂ ನಮಗೆ ಇಷ್ಟು ಅಂಕ ತಂದಿಲ್ಲ ಎಂಬುದನ್ನೂ ಕಡತಕ್ಕೆ ಸೇರಿಸಿಕೊಳ್ಳಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ನಾಲ್ಕು ಸಾಲಿನಲ್ಲಿ ಒಂದು ಸಾಲು ‘ಆ ದಿನಾಂಕಕ್ಕೆ ಬೇರೆ ಯಾವ ತಂಡವೂ ಲಭ್ಯವಿಲ್ಲ’ ಎಂದಿತ್ತು. ಅದನ್ನು ತಿರುಮಲೇಶರಿಗೆ ತೋರಿಸಿದೆ. ಅವರು ಕಂಪ್ಯೂಟರ್ ಮನುಷ್ಯ, ಯಾರಾದರೂ ‘ಇಲ್ಲ’ ಎಂದರೆ ಪಟ್ಟಿ ಮಾಡದೆ ನಂಬುವವರಲ್ಲ. ಭಾನುವಾರ ಫೋನು ಮಾಡಿದರು.

“ಸಾರ್, ನೂರಾ ಮೂವತ್ತೆಂಟು ಕಾಲೇಜು ಹಾಕ್ದೆ. ಆ ಶನಿವಾರ ಫ್ರೀ ಇರೋರು ಹನ್ನೊಂದು. ಬಸ್ಸಲ್ಲಿ ಬರಬಹುದಾದೋರು ಮೂರು. ಅದ್ರಲ್ಲಿ ನಮ್ಮ ಕಾಲೇಜ್ ಆಫೀಸ್‌ನೋರು ಇನ್ನೂ ಜಗಳ ಆಡ್ದೇ ಇರೋರು ಒಬ್ರೇ.”

“ಯಾರು?”

“ಇನ್ಯಾರು ಸಾರ್, ನಿಮ್ಮ ಗೋಳಿಬಜೆ ಗಿರಾಕಿಗಳು.”

ನಾನು ಒಣದ್ರಾಕ್ಷಿಯ ಕೋಚಿಗೆ ಫೋನು ಮಾಡಿದೆ. ಅಧಿಕಾರ ಯಾರು ಕೊಟ್ಟರು ಎಂದು ನೀವು ಕೇಳುತ್ತೀರಿ. ಯಾರೂ ಕೊಡಲಿಲ್ಲ, ನಾವು ಸ್ವತಂತ್ರರಲ್ಲವೇ? ಅವರು ಎರಡೇ ಪ್ರಶ್ನೆ ಕೇಳಿದರು, ಎಷ್ಟು ಗಂಟೆಗೆ ಮತ್ತು ಊಟ ಇದೆಯೇ ಎಂದು. ಈ ಸಲ ಊಟ ಪಂದ್ಯ ಮುಗಿದ ಮೇಲೆ ಎಂದೆ. ಅದೇ ದಿನ ಅವರು ನಿಮ್ಮ ಕಚೇರಿಗೆ ಲಿಖಿತವಾಗಿ ಒಪ್ಪಿಗೆ ಕಳಿಸಿದರು. ಮೂರನೇ ದಿನ ನಿಮ್ಮಿಂದ ಅವರಿಗೆ ಹೋದ ಉತ್ತರದ ಪ್ರತಿ ನನ್ನ ಬಳಿ ಇದೆ. ‘ನಮ್ಮ ಕಾರ್ಯಕ್ರಮದ ಮಟ್ಟಕ್ಕೆ ತಾವು ಹೊಂದುವುದಿಲ್ಲ.’

ಮಾನ್ಯರೇ, ಇಪ್ಪತ್ತೆರಡರಲ್ಲಿ ಒಂದು ಗೆದ್ದವರ ಮಟ್ಟ ಯಾವುದು? ಬರುತ್ತೇನೆ ಎಂದವನನ್ನು ಬಾಗಿಲಲ್ಲೇ ಅಳತೆ ಮಾಡಿ ವಾಪಸು ಕಳಿಸಿ, ಕರೆಯದವನ ಮನೆಗೆ ವಿಮಾನ ಹತ್ತುವುದಕ್ಕೆ ವಾಸ್ತವಿಕತೆ ಎಂದು ಹೆಸರಿಟ್ಟದ್ದು ಯಾರು?

ನಾನು ಇದನ್ನೆಲ್ಲ ತಮಾಷೆಯಲ್ಲೇ ಬಿಡುತ್ತಿದ್ದೆನೋ ಏನೋ. ಹೋದ ಭಾನುವಾರ ಬೆಳಿಗ್ಗೆ ನಿಶ್ಮಿತಾ ಹಾಸ್ಟೆಲಿನಿಂದ ಮನೆಗೆ ಬಂದಿದ್ದಳು. ಗ್ಯಾರೇಜಿನಲ್ಲಿ ಕೂತು ಸೂಸಾಫೋನ್ ಉಜ್ಜುತ್ತಿದ್ದಳು. ಪಕ್ಕದಲ್ಲಿ ಫೋನು ತೆರೆದಿತ್ತು, ಅದರಲ್ಲಿ ಬ್ಯಾಂಡ್ ಆಫೀಸಿನ ಸೂಚನೆ. ಈ ವರ್ಷ ಹಸ್ತಾಂತರ ಇರುವುದಿಲ್ಲ, ನಾಲ್ಕನೇ ವರ್ಷದವರು ತಮ್ಮ ವಾದ್ಯಗಳನ್ನು ವಾರದ ದಿನಗಳಲ್ಲಿ ಹತ್ತರಿಂದ ನಾಲ್ಕರೊಳಗೆ ಸ್ಟೋರ್‌ರೂಮಿನ ಕೌಂಟರಿನಲ್ಲಿ ಕೊಟ್ಟು ರಸೀದಿ ಪಡೆಯತಕ್ಕದ್ದು.

“ಕೌಂಟರಿನಲ್ಲಿ ಕೊಡುದಾ?” ಎಂದೆ.

“ಇಟ್ಸ್ ಫೈನ್, ಪಪ್ಪಾ. ಡ್ರಾಪ್ ಮಾಡಿ ರಿಸೀಟ್ ತಗೊಂಡ್ರೆ ಆಯ್ತು. ಇಟ್ಸ್ ಜಸ್ಟ್ ಅ ಹಾರ್ನ್.”

ಹಾಗೆಂದವಳು ತಲೆ ಎತ್ತಲಿಲ್ಲ. ಕೌಂಟರಿಗೆ ಕೊಡುವ ವಸ್ತುವನ್ನು ಯಾರೂ ಅಷ್ಟು ಹೊತ್ತು ಉಜ್ಜುವುದಿಲ್ಲ. ಕಹಳೆಯ ಬಾಯಿಯನ್ನು ಮತ್ತೆ ಒರೆಸುತ್ತ, “ಇಂಚರಾಗೆ ಹೇಳ್ಬೇಕು, ಲೆಫ್ಟ್ ಶೋಲ್ಡರ್‌ಗೆ ಟವೆಲ್ ಇಟ್ಕೋ ಅಂತ. ಐ ವಾಸ್ ಗೋಯಿಂಗ್ ಟು ಟೆಲ್ ಹರ್ ಆನ್ ದ ಫೀಲ್ಡ್” ಎಂದಳು.

ಬಂದರಿನಲ್ಲಿ ನಾನು ದಿನವೂ ರಸೀದಿ ಬರೆಯುವವನು. ರಸೀದಿಯ ಮೇಲೆ ನನಗೆ ಗೌರವವಿದೆ. ಆದರೆ ನಾಲ್ಕು ವರ್ಷ ಹೆಗಲ ಮೇಲೆ ಹೊತ್ತದ್ದನ್ನು ಇನ್ನೊಂದು ಹೆಗಲಿಗೆ ಇಳಿಸುವುದಕ್ಕೂ ಕಿಟಕಿಯೊಳಗೆ ತಳ್ಳುವುದಕ್ಕೂ ವ್ಯತ್ಯಾಸವಿದೆ ಎಂದು ನಿಮಗೆ ಹೇಳಿಕೊಡಬೇಕಾಗಿ ಬಂತಲ್ಲ ಎಂದು ಬೇಸರ.

ಆದ್ದರಿಂದ ಬೇಡಿಕೆ ಇಷ್ಟು. ಪರಿಷ್ಕೃತ ಪಟ್ಟಿಯಲ್ಲಿ ದೊಡ್ಡ ಮನೆಯ ಪಂದ್ಯದ ಪಕ್ಕದಲ್ಲಿ ನೀವೇ ಸಣ್ಣ ಅಕ್ಷರದಲ್ಲಿ ‘ಅಂತಿಮ ಸಹಿಗೆ ಬಾಕಿ’ ಎಂದು ಹಾಕಿದ್ದೀರಿ. ಆ ಸಹಿ ಹಾಕಬೇಡಿ. ಅಲ್ಲಿಯ ಎಂಬತ್ತು ಸಾವಿರ ಜನರಿಗೆ ನಾವು ಬರಲಿಲ್ಲವೆಂದು ತಿಳಿಯುವುದೂ ಇಲ್ಲ. ಅದರ ಬದಲು ಒಣದ್ರಾಕ್ಷಿಯವರ ಕಾಗದಕ್ಕೆ ಸಹಿ ಹಾಕಿ. ಪಂದ್ಯ ಒಂದು ಗಂಟೆಗೇ ಇರಲಿ. ಆ ವಾರ ಐದಕ್ಕೆ ಐದು ನಿಮಿಷವಿರುವಾಗಲೇ ಸೂರ್ಯ ಮುಳುಗುತ್ತಾನೆ, ನಮ್ಮ ಮನೆಯಲ್ಲಿ ಆಮೇಲೆ ಉಣ್ಣುವುದಿಲ್ಲ, ನೆಂಟರನ್ನು ಉಪವಾಸ ಕಳಿಸುವುದೂ ಇಲ್ಲ. ಇಪ್ಪತ್ತು ಅಂಕ ಬರದಿದ್ದರೆ ಬೇಡ. ಸೋತರೆ ನಮ್ಮ ಅಂಗಳದಲ್ಲಿ ಸೋಲುತ್ತೇವೆ, ಅದು ನಮಗೆ ಅಭ್ಯಾಸವಾಗಿದೆ.

ಸಹಿ ಹಾಕದಿದ್ದರೂ ಆ ಶನಿವಾರ ಎಲ್ಲಿಗೂ ಹೋಗುವುದಿಲ್ಲ ಎಂದು ತಿಳಿದಿರಲಿ. ನಾಲ್ಕನೇ ವರ್ಷದ ಹತ್ತೊಂಬತ್ತು ಮಂದಿಯೂ ಕೌಂಟರಿಗೆ ವಾದ್ಯ ಕೊಡುವುದಿಲ್ಲವೆಂದು ತೀರ್ಮಾನಿಸಿದ್ದಾರೆ. ‘ಹತ್ತರಿಂದ ನಾಲ್ಕರೊಳಗೆ’ ಎಂದು ಸೂಚನೆಯಲ್ಲಿದೆ, ಯಾವ ವಾರದೊಳಗೆ ಎಂದು ಹಾಕುವುದನ್ನು ನಿಮ್ಮವರು ಮರೆತಿದ್ದಾರೆ. ನೀವು ತಂಡವನ್ನು ವಿಮಾನ ಹತ್ತಿಸಿ ಕಳಿಸಿ, ಗೇಟಿಗೆ ಬೀಗ ಹಾಕಿಕೊಳ್ಳಿ. ಗೇಟಿನ ಹೊರಗಿನ ಪಾರ್ಕಿಂಗ್ ಲಾಟು ನಗರಸಭೆಯದು, ವಿಚಾರಿಸಿದ್ದೇನೆ, ಹಡಗಿನ ಹಾಗೆಯೇ ಹನ್ನೆರಡರಿಂದ ಐದರವರೆಗೆ ಜಾಗ ಕಾದಿರಿಸಿದ್ದೇನೆ. ಒಣದ್ರಾಕ್ಷಿಯ ಕೋಚು ತಂಡವಿಲ್ಲದಿದ್ದರೂ ತಮ್ಮ ಕಾರಿನಲ್ಲಿ ಬರುತ್ತಾರಂತೆ. ವಿನೋದಾ ಒಲೆ ತರುತ್ತಾಳೆ. ಮಧ್ಯಾಹ್ನ ಎರಡೂವರೆಗೆ ನಿಶ್ಮಿತಾ ಅರ್ಧ ಹಾಡು ನುಡಿಸಿ, ಸೂಸಾಫೋನನ್ನು ಇಂಚರಾಳ ಹೆಗಲಿಗೆ ಏರಿಸಿ, ಎಡಗಡೆಗೆ ಟವೆಲು ಇಡುತ್ತಾಳೆ. ಉಳಿದರ್ಧ ಹಾಡಿನ ಅಪಸ್ವರ ನಿಮ್ಮ ಕಚೇರಿಯ ಕಿಟಕಿಗೆ ಚೆನ್ನಾಗಿ ಕೇಳಿಸುತ್ತದೆ. ಕೇಳಿಸಿದರೆ ಎದ್ದುನಿಲ್ಲಿ, ಅದು ಇಲ್ಲಿಯ ಪದ್ಧತಿ.

ಇಂತಿ,
ದಿನವೂ ಹಡಗುಗಳಿಗೆ ಜಾಗ ಕೊಡುತ್ತ, ಮಗಳಿಗೆ ಒಂದು ಮಧ್ಯಾಹ್ನದ ಜಾಗಕ್ಕಾಗಿ ನಿಮ್ಮ ಮುಂದೆ ಕೈಚಾಚಿರುವ,
ಗುಣಪಾಲ
ಪೂರ್ವ ಗ್ಯಾಲರಿ, ಹದಿನೇಳನೇ ಸಾಲು (ಸದ್ಯಕ್ಕೆ ಪಾರ್ಕಿಂಗ್ ಲಾಟು)